ಅತ್ತಿಗೆ ಕದ್ದ ಹೆರಿಗೆ

ಹುಟ್ಟಿದಾಗ ಅಂಗೈಯಗಲ ಇದ್ದಳಂತೆ, ಅದಕ್ಕೆ ಅಪ್ಪ ಗುಬ್ಬಿ ಅಂದ. ಐವತ್ತು ದಾಟಿದರೂ ಆ ಹೆಸರು ಹೋಗಲಿಲ್ಲ, ಕೊನೆಗೊಂದು ಅಕ್ಕ ಸೇರಿಕೊಂಡಿತು, ಅಷ್ಟೆ. ಹೊಳೆದಂಡೆಯ ತೋಟಕ್ಕೆ ರಜೆ ಕಳೆಯಲು ಬರುತ್ತಿದ್ದವರೆಲ್ಲ ಅವಳನ್ನು ಗುಬ್ಬಕ್ಕ ಎಂದೇ ಕರೆಯುತ್ತಿದ್ದರು. ಡೇರೆಗಳಲ್ಲಿ ಹಾಸಿಗೆ ಹಾಸುವವಳು, ಬಿಸಿನೀರು ಹೊರುವವಳು, ಬೆಳಿಗ್ಗೆ ಮೊಟ್ಟೆ ಬೇಯಿಸುವವಳು ಅವಳೇ. ತೋಟ ಅಣ್ಣನದು, ಯಜಮಾನಿಕೆ ಅತ್ತಿಗೆಯದು.

ಜೋಳದ ಹೊಲದ ಅಂಚಿಗೆ ಡೇರೆಗಳು ಬಂದು ಹೆಚ್ಚು ಕಾಲವಾಗಿರಲಿಲ್ಲ. ಹೆಸರಿಗಷ್ಟೇ ಡೇರೆ. ಒಳಗೆ ಮಂಚ, ಜಮಖಾನೆ, ಕಾಲು ಚಾಚಿ ಮಲಗುವಷ್ಟು ದೊಡ್ಡ ಸ್ನಾನದ ತೊಟ್ಟಿ. ಆದರೆ ಬಂದವರು ಮುಗಿಬೀಳುತ್ತಿದ್ದದ್ದು ಹಳೇ ಕೊಟ್ಟಿಗೆಗೆ. ದನ ಮಾರಿ, ಸುಣ್ಣ ಹೊಡೆಸಿ, ಹೊಳೆಯ ಕಡೆಗೆ ಗಾಜಿನ ಕಿಟಕಿ ಇಡಿಸಿ ಅತ್ತಿಗೆ ಅದನ್ನು ಅರಮನೆ ಮಾಡಿದ್ದಳು.

ಆ ಕೊಟ್ಟಿಗೆಯಲ್ಲೇ ಗುಬ್ಬಕ್ಕ ಹಿಂದೊಮ್ಮೆ ಹೆತ್ತಿದ್ದಳು.

ಗಂಡ ಬೇರೊಬ್ಬಳನ್ನು ಕಟ್ಟಿಕೊಂಡ ಮೇಲೆ ತುಂಬು ಬಸುರಿ ತಗಡಿನ ಪೆಟ್ಟಿಗೆ ಹಿಡಿದು ತವರಿಗೆ ಬಂದಳು. "ಮನೇಲಿ ಜಾಗ ಎಲ್ಲಿದೆ? ಕೊಟ್ಟಿಗೇಲಿ ಒಂದು ಮೂಲೆ ಗುಡಿಸ್ಕೋ" ಅಂದಳು ಅತ್ತಿಗೆ. ಅಣ್ಣ ತಲೆ ಕೆರೆದುಕೊಂಡು ಹೊಲಕ್ಕೆ ಹೋದ. ನೋವು ಶುರುವಾದದ್ದು ಹಾಡಹಗಲು, ಅತ್ತಿಗೆಯ ತವರಿನವರು ಊಟಕ್ಕೆ ಕೂತಿದ್ದಾಗ. ಗೋಡೆ ಹಿಡಿದುಕೊಂಡು ಹೋಗಿ ಅಡುಗೆಮನೆಯ ಬಾಗಿಲು ಬಡಿದಳು. ಅದು ಬೆರಳಷ್ಟು ತೆರೆಯಿತು.

"ನೆಂಟರಿದ್ದಾರೆ, ಮಾನ ಕಳೀಬೇಡ. ಅವರು ಎದ್ದ ಮೇಲೆ ಬಾ."

ಚಿಲಕ ಬಿತ್ತು. ಒಳಗಿನ ನಗು ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಹುಟ್ಟಿದ್ದು ಹೆಣ್ಣುಮಗು. ನೆಂಟರು ಹೊರಡುವ ಹೊತ್ತಿಗೆ ಅದರ ಮೈ ತಣ್ಣಗಾಗಿತ್ತು. ಅಣ್ಣ ಬಂದು ಹೊಳೆಯ ಪಕ್ಕ ಗುಂಡಿ ತೋಡಿದ.

ಬೇರೆಲ್ಲಾದರೂ ಹೋಗಿ ಬದುಕಬಹುದಿತ್ತು. ಗುಬ್ಬಕ್ಕ ಹೋಗಲಿಲ್ಲ. ಅತ್ತಿಗೆಯ ಮುಖ ಕಣ್ಣ ಮುಂದೆ ಇಲ್ಲದಿದ್ದರೆ ಸಿಟ್ಟು ಆರಿಹೋದೀತೆಂಬ ಭಯ ಅವಳಿಗೆ. ವರ್ಷಗಟ್ಟಲೆ ಹಾಲು ಕರೆದಳು, ಸಗಣಿ ಬಾಚಿದಳು, ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ಅತ್ತಿಗೆಯೇ.

ಒಂದು ಬೆಳಿಗ್ಗೆ, ಮರದಡಿಯ ಉದ್ದ ಮೇಜಿನಲ್ಲಿ ತಿಂಡಿಗೆ ಕೂತವರಿಗೆ ಹೇಳುತ್ತಿದ್ದಳು: "ಆ ಕೋಣೆ ಅಂದ್ರೆ ನನಗೆ ಪ್ರಾಣ. ನನ್ನ ಮಗನ್ನ ಹೆತ್ತಿದ್ದೇ ಅಲ್ಲಿ, ದನಗಳ ಮಧ್ಯೆ. ಪಕ್ಕದಲ್ಲಿ ಒಂದು ನರಪಿಳ್ಳೆ ಇರಲಿಲ್ಲ."

ಅವಳ ಮಗ ಹುಟ್ಟಿದ್ದು ಪೇಟೆಯ ಆಸ್ಪತ್ರೆಯಲ್ಲಿ, ನರ್ಸುಗಳ ಕೈಯಲ್ಲಿ. ಕೇಳಿದವರ ಕಣ್ಣು ಒದ್ದೆಯಾಯಿತು. ಒಬ್ಬಾಕೆ ಎದ್ದು ಬಂದು ಅತ್ತಿಗೆಯನ್ನು ತಬ್ಬಿಕೊಂಡಳು. ನೀರಿನ ಜಗ್ಗು ಹಿಡಿದು ನಿಂತಿದ್ದ ಗುಬ್ಬಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮಗುವನ್ನು ನುಂಗಿದ್ದು ಸಾಲದೆ ಹೆರಿಗೆ ನೋವನ್ನೂ ಕದ್ದಳಲ್ಲ ಇವಳು!

ಅವತ್ತೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕಥೆಯ ರುಚಿ ಹತ್ತಲಿ, ಇನ್ನಷ್ಟು ಬಣ್ಣ ಕಟ್ಟಲಿ ಎಂದು ಬಿಟ್ಟಳು. ಡೇರೆಗಳೆಲ್ಲ ಭರ್ತಿಯಾಗಿ, ಅಣ್ಣನೂ ಮೇಜಿಗೆ ಬಂದು ಕೂತ ದಿನಕ್ಕಾಗಿ ಕಾದಳು. ಆ ದಿನ ಬಂತು. ಅತ್ತಿಗೆ ಕಣ್ಣೊರೆಸಿಕೊಳ್ಳುವ ಘಟ್ಟಕ್ಕೆ ಬಂದಾಗ ಗುಬ್ಬಕ್ಕ ಮೊಟ್ಟೆಯ ತಟ್ಟೆ ಕೆಳಗಿಟ್ಟಳು.

"ಅತ್ತಿಗೆ, ಬಾಗಿಲು ಬಡಿದದ್ದನ್ನ ಬಿಟ್ಟೇಬಿಟ್ರಲ್ಲ."

"ಯಾವ ಬಾಗಿಲೇ?" ಅತ್ತಿಗೆ ನಗುತ್ತಲೇ ಕೇಳಿದಳು.

"ಅಡುಗೆಮನೇದು. ನೆಂಟರು ಎದ್ದ ಮೇಲೆ ಬಾ ಅಂದೋರು ಯಾರು? ಹೆತ್ತೋರು ನೀವೇ ಆದ್ರೆ ನಿಮಗೆ ಗೊತ್ತಿರ್ಬೇಕಲ್ವಾ?"

ಅತ್ತಿಗೆಯ ಮುಖದಲ್ಲಿ ನಗು ಅಲ್ಲೇ ಸತ್ತಿತು. ಗುಬ್ಬಕ್ಕ ದನಿ ಏರಿಸಲಿಲ್ಲ, ಅಳಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ, ಚಿಲಕ ಬಿದ್ದ ಸದ್ದಿನ ಸಮೇತ ಹೇಳಿದಳು.

"ಇವಳಿಗೆ ತಲೆ ಸರಿಯಿಲ್ಲ, ತಪ್ಪು ತಿಳೀಬೇಡಿ," ಅತ್ತಿಗೆ ಅತಿಥಿಗಳ ಕಡೆ ತಿರುಗಿದಳು.

ಕೊಟ್ಟಿಗೆಯಲ್ಲಿ ಇಳಿದುಕೊಂಡಿದ್ದ ಹೆಂಗಸು ಕೇಳಿದಳು: "ಮಗೂನ ಎಲ್ಲಿಟ್ಟಿದ್ದೀರಿ?"

"ಅಣ್ಣನ್ನ ಕೇಳಿ. ತೋಡಿದ್ದು ಅವನು."

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೈ ಮಾತ್ರ ಎತ್ತಿ ಹೊಳೆಯ ಪಕ್ಕಕ್ಕೆ ತೋರಿಸಿದ. ಹಿಂದಿನ ಸಂಜೆ ಅತಿಥಿಗಳೆಲ್ಲ ಬೆಂಕಿ ಹಾಕಿ ಸುತ್ತ ಕೂತು ಹಾಡಿದ್ದ ಕಲ್ಲಿನ ಕಟ್ಟೆ ಅದು.

ಮಧ್ಯಾಹ್ನದೊಳಗೆ ಕಾರುಗಳೆಲ್ಲ ಹೊರಟುಹೋದವು. ಗುಬ್ಬಕ್ಕ ಹಾರೆ ತಂದು ಕಟ್ಟೆಯ ಕಲ್ಲು ಕೀಳತೊಡಗಿದಳು. ಅಣ್ಣ ಬಂದು ಕೈ ಹಾಕಿದ. "ಮುಟ್ಟಬೇಡ" ಅಂದಳು. ಅವನು ದೂರ ಸರಿದು ನಿಂತ, ಕೊನೆಯ ಕಲ್ಲು ಏಳುವವರೆಗೂ ನಿಂತೇ ಇದ್ದ.

ಮರುದಿನ ಅತ್ತಿಗೆ ಬಂದಳು. "ನಿನಗೇನು ಬೇಕು ಹೇಳು. ಪೇಟೇಲಿ ಮನೆ ಮಾಡಿಕೊಡ್ತೀವಿ, ಹೋಗು."

"ನಾನ್ಯಾಕೆ ಹೋಗ್ಲಿ? ಮೇಜಿನ ಹತ್ರ ಒಂದು ಕುರ್ಚಿ ಹಾಕಿ. ಇನ್ನು ಮೇಲೆ ನೀವು ಬಡಿಸಿ, ನಾನು ತಿಂತೀನಿ."

ಅತ್ತಿಗೆ ಗಂಡನ ಮುಖ ನೋಡಿದಳು. ಮದುವೆಯಾದಾಗಿನಿಂದ ಅವಳಿಗೆ ಎದುರಾಡದ ಅಣ್ಣ, "ಬಡಿಸು" ಅಂದ.

ಈಗ ಮತ್ತೆ ಜನ ಬರುತ್ತಾರೆ. ಊರಿನ ಸುದ್ದಿ ದೂರದವರಿಗೆ ಹೇಗೆ ಗೊತ್ತಾಗಬೇಕು? ಗುಬ್ಬಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಅವರ ನಡುವೆ ಕೂರುತ್ತಾಳೆ. ಹೊಟ್ಟೆ ತುಂಬ ಉಣ್ಣುತ್ತಾಳೆ, ಮೈಕೈ ತುಂಬಿಕೊಂಡಿದ್ದಾಳೆ. ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹೊಳೆ ಕಡೆ ಗಾಜಿನ ಕಿಟಕಿ ಇರೋ ಆ ಚಂದದ ಕೋಣೆಗೆ ಯಾಕೆ ಬೀಗ ಹಾಕಿದ್ದೀರಿ?"

ಬಡಿಸುವ ಕೈ ನಿಲ್ಲುತ್ತದೆ. ಅತ್ತಿಗೆಯ ಮುಖ ಸುಣ್ಣವಾಗುತ್ತದೆ. ಗುಬ್ಬಕ್ಕ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿ, "ಅತ್ತಿಗೆ ಹೇಳ್ತಾರೆ, ಕೇಳಿ" ಎಂದು ಕೈಕಟ್ಟಿ ಕೂರುತ್ತಾಳೆ.