ಮೂರನೆಯ ರಾಶಿಯ ಮೊದಲ ಫೈಲು

ದೆವ್ವ ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಘಾಟಿಯ ದಾರಿಯಲ್ಲಿ ಹುಣಸೆಮರದ ಕೆಳಗೆ ಯಾರೋ ನಿಂತಿದ್ದರು ಎಂದರೆ, 'ಎಷ್ಟು ಕುಡಿದಿದ್ದೆ?' ಎಂದು ಕೇಳುತ್ತಿದ್ದವನು ನಾನು. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನನ್ನ ಕಥೆಯಲ್ಲಿ ಹುಣಸೆಮರವೂ ಇಲ್ಲ, ಕತ್ತಲೂ ಇಲ್ಲ. ನಡೆದದ್ದು ಹಾಡಹಗಲು, ಟ್ಯೂಬ್‌ಲೈಟಿನ ಕೆಳಗೆ.

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಸೀರೆಯ ಅಂಚಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದರೆ, ಮಗ್ಗದ ರಟ್ಟಿನಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ತೋರಿಸುವ ಪ್ರೋಗ್ರಾಮು ನಮ್ಮದು. ಅದರ ಮುಖ್ಯ ಭಾಗ ಬರೆದವನು ವೆಂಕಟೇಶ; ನೇಯುವವರ ಮನೆಯವನು, ನನ್ನ ಪಕ್ಕದ ಕುರ್ಚಿಯವನು, ಗೆಳೆಯ. ಅವರ ಮನೆಯಲ್ಲಿ ಸೀರೆ ಮುಗಿಯುವಾಗ ಸೆರಗಿನ ಮೂಲೆಯಲ್ಲಿ ಒಂದು ಎಳೆಯನ್ನು ಬೇಕೆಂದೇ ತಪ್ಪಿಸುತ್ತಿದ್ದರು, ದೃಷ್ಟಿ ತಾಗದಿರಲಿ ಎಂದು. ಇವನೂ ತಾನು ಬರೆದ ಪ್ರತಿ ಫೈಲಿನ ಕೊನೆಗೆ, ಕಂಪ್ಯೂಟರು ಓದದೆ ಬಿಟ್ಟುಬಿಡುವ ಸಾಲೊಂದರಲ್ಲಿ, ಒಂಟಿ ಚುಕ್ಕೆ ಇಡುತ್ತಿದ್ದ. ಕಂಪ್ಯೂಟರಿಗೂ ದೃಷ್ಟಿಯೇನೋ ಎಂದು ರೇಗಿಸಿದರೆ, "ಇರ್ಲಿ ಬಿಡೋ, ನಿನ್ ಕಣ್ಣೊಂದು ಸಾಲ್ದಾ?" ಎನ್ನುತ್ತಿದ್ದ.

ಮುಂಬೈಯ ಒಂದು ಕಂಪನಿ ನಮ್ಮ ಪ್ರೋಗ್ರಾಮು ಕೊಳ್ಳಲು ಮುಂದೆ ಬಂತು. ಯಾವ ಫೈಲು ಯಾರದು ಎಂದು ವಿಂಗಡಿಸಿ ಕೊಡಬೇಕು, ಅನುಮಾನದವನ್ನು ವಕೀಲರು ಮೊದಲು ನೋಡುತ್ತಾರೆ ಎಂದು ಅವರ ಷರತ್ತು. ಒಬ್ಬರ ಫ್ಲಾಪಿಯಿಂದ ಇನ್ನೊಬ್ಬರು ಎತ್ತಿಕೊಳ್ಳುವುದು ಆಗ ಮಾಮೂಲು. ಲೈಸೆನ್ಸು ಎಂಬ ಮಾತೇ ನಮಗೆ ಹೊಸದು. ಕೆಲಸ ನನ್ನ ತಲೆಗೆ ಬಂತು. ಪ್ರಿಂಟು ತೆಗೆದು ನೆಲದ ಮೇಲೆ ಮೂರು ರಾಶಿ ಮಾಡಿದೆ. ನಾವೇ ಬರೆದದ್ದು ಒಂದು, ಲೈಸೆನ್ಸು ಸಮೇತ ಕೊಂಡದ್ದು ಇನ್ನೊಂದು, ಎಲ್ಲಿಂದ ಬಂತೋ ಗೊತ್ತಿಲ್ಲದ್ದು ಮೂರನೆಯದು. ವೆಂಕಟೇಶನವನ್ನೆಲ್ಲ ಕಣ್ಣುಮುಚ್ಚಿ ಮೊದಲ ರಾಶಿಗೆ ಹಾಕಿದ್ದೆ.

ಒಂದು ಮಧ್ಯಾಹ್ನ ಬೀರುವಿನಲ್ಲಿದ್ದ ಹಳೆಯ ಫ್ಲಾಪಿಗಳನ್ನು ಹಾಕಿ ನೋಡುತ್ತಿದ್ದೆ. ಹೆಸರು ಬರೆಯದ ಒಂದರಲ್ಲಿ ವೆಂಕಟೇಶನ ಅಂಚಿನ ಫೈಲು ಇತ್ತು. ಆದರೆ ತಾರೀಕು ಆರು ವರ್ಷ ಹಿಂದಿನದು. ಆಗ ಅವನು ಕಂಪ್ಯೂಟರನ್ನು ಕಣ್ಣಲ್ಲೂ ಕಂಡಿರಲಿಲ್ಲ, ಅಪ್ಪನ ಜೊತೆ ಮಗ್ಗ ನಡೆಸುತ್ತಿದ್ದ. ಪ್ರಿಂಟು ತೆಗೆದು, ಮೊದಲ ರಾಶಿಯಲ್ಲಿದ್ದ ಅವನ ಪ್ರಿಂಟಿನೊಡನೆ ಮೊದಲ ಎರಡು ಹಾಳೆ ತಾಳೆ ನೋಡಿದೆ. ಸಾಲಿಗೆ ಸಾಲು ಒಂದೇ. ಮುಂದೆ ನೋಡಲಿಲ್ಲ. ಸಂಕಟವಾಯಿತು, ನಿಜ, ಕಂಡುಹಿಡಿದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವನನ್ನು ಒಂದು ಮಾತೂ ಕೇಳದೆ ಅವನ ಫೈಲನ್ನು ಈ ಪ್ರಿಂಟಿನ ಜೊತೆ ಮೂರನೆಯ ರಾಶಿಯ ಮೇಲಿಟ್ಟೆ.

ರಾಶಿ ನೋಡಿದ ಮಾಲೀಕರು ನಮ್ಮಿಬ್ಬರನ್ನೂ ಕರೆಸಿದರು.

"ನಾನೇ ಬರ್ದಿದ್ದು ಸಾರ್, ನಮ್ಮಪ್ಪನಾಣೆ," ಎಂದ ವೆಂಕಟೇಶ.

"ಹಾಗಾದ್ರೆ ಇದೇನಪ್ಪಾ?" ಮಾಲೀಕರು ತಾರೀಕಿನ ಮೇಲೆ ಬೆರಳಿಟ್ಟರು.

ಅವನು ನನ್ನ ಕಡೆ ತಿರುಗಿದ. "ನಾನ್ ಬರೀವಾಗ ಪಕ್ಕದಲ್ಲೇ ಕೂತಿದ್ದೆ ಕಣೋ ನೀನು. ಹೇಳೋ."

ಕೂತಿದ್ದೆ. ತಿಂಗಳುಗಟ್ಟಲೆ ನೋಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ನನ್ನ ಕಣ್ಣಿಗಿಂತ ಆ ಕಾಗದವನ್ನೇ ನಂಬಿದೆ. ಅಂದೇ ಅವನು ಕೆಲಸ ಬಿಟ್ಟ. ಕದ್ದು ಸಿಕ್ಕಿಬಿದ್ದನಂತೆ ಎಂಬ ಮಾತು ಎರಡು ದಿನದಲ್ಲಿ ಅವನ ಬೀದಿಯನ್ನೆಲ್ಲ ಸುತ್ತಿತು.

ಮರುವಾರ ವಕೀಲರು ಫ್ಲಾಪಿ ಕೇಳಿದರು. ಹಾಕಿ ನೋಡಿದರೆ ಖಾಲಿ. ಅಳಿಸಿದ ಗುರುತೂ ಇಲ್ಲ. ಬೀರುವಿನ ಫ್ಲಾಪಿಗಳನ್ನೆಲ್ಲ ಹಾಕಿ ನೋಡಿದೆ, ಯಾವುದರಲ್ಲೂ ಆ ಫೈಲು ಇಲ್ಲ. ಅಂದು ತೆಗೆದ ಪ್ರಿಂಟನ್ನು ತಿರುವಿ, ಮೊದಲ ಸಲ ಕೊನೆಯ ಹಾಳೆ ನೋಡಿದೆ. ಅಲ್ಲಿ ಒಂಟಿ ಚುಕ್ಕೆ ಇತ್ತು.

ಮಾಲೀಕರಿಗೆ ತೋರಿಸಿದರೆ, "ಅದನ್ನೆಲ್ಲ ಮತ್ತೆ ಕೆದಕ್ಬೇಡ," ಎಂದುಬಿಟ್ಟರು. ಹಾಳೆ ಹಿಡಿದು ವೆಂಕಟೇಶನ ಮನೆಗೆ ಓಡಿದೆ. ಅವನು ಮಗ್ಗ ನಿಲ್ಲಿಸಿ, ಚುಕ್ಕೆಯ ಮೇಲೆ ಬೆರಳಾಡಿಸಿದ. ನನ್ನನ್ನು ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಚುಕ್ಕೆ ನಂದೇ," ಎಂದ. "ಆದ್ರೆ ನಾನೇ ಬರ್ದಿದ್ನಾ, ಎಲ್ಲಾದ್ರೂ ನೋಡಿದ್ನಾ ಅಂತ ಈಗ ನಂಗೇ ಗೊತ್ತಾಗ್ತಿಲ್ಲ ಕಣೋ."

ಮತ್ತೆ ಮಗ್ಗ ಹಾಕಿದ. ಸೀರೆ ಮುಗಿಯುವವರೆಗೂ ನಾನು ನಿಂತೇ ಇದ್ದೆ. ಸೆರಗು ಪೂರ್ತಿ ಬಂತು.

"ಎಳೆ ತಪ್ಪಿಸ್ಲಿಲ್ವಾ?" ಎಂದೆ.

"ಇನ್ಯಾಕೆ?" ಎಂದು ಸೀರೆ ಕತ್ತರಿಸಿದ.

ಅವನು ಮತ್ತೆ ಕಂಪ್ಯೂಟರು ಮುಟ್ಟಲಿಲ್ಲ. ಕೆಲವು ವರ್ಷಗಳ ನಂತರ ಕಾಮಾಲೆಯಾಗಿ ತೀರಿಕೊಂಡ. ಮಣ್ಣಿಗೆ ಹೋದವರಲ್ಲಿ ಒಬ್ಬರು, ಆ ಕಳ್ಳತನದ ವಿಷಯ ನಿಜವೇ ಎಂದು ನನ್ನನ್ನೇ ಕೇಳಿದರು.

ನಮ್ಮದೇ ಫೈಲನ್ನು ನಾನು ಎರಡು ಸಲ ಪ್ರಿಂಟು ತೆಗೆದಿರಬೇಕು, ಕಂಪ್ಯೂಟರಿನ ಗಡಿಯಾರ ಕೆಟ್ಟಿರಬೇಕು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಆ ಫೈಲು ಫ್ಲಾಪಿಯಿಂದಲೇ ತೆರೆದದ್ದು, ಫ್ಲಾಪಿ ತಿರುಗಿದ ಕರಕರ ಸದ್ದು, ಎಲ್ಲ ನನಗೆ ನೆನಪಿದೆ. ಹಾಳೆಗಳು ಇನ್ನೂ ನನ್ನ ಟ್ರಂಕಿನಲ್ಲಿವೆ. ಶಾಯಿ ಮಾಸುತ್ತಿದೆ, ತಾರೀಕು ಈಗಲೂ ಕಾಣುತ್ತದೆ, ಚುಕ್ಕೆಯೂ ಕಾಣುತ್ತದೆ. ಅವನ್ನು ಯಾವ ರಾಶಿಗೆ ಹಾಕಬೇಕೋ ನನಗೆ ಇಂದಿಗೂ ತಿಳಿದಿಲ್ಲ.