ಸೋಪುನೀರಿನ ಬ್ರೇಕು

ಬಯಾಮೋ ಊರಿನ ಎವೆಲಿಯೊ ಮೂವತ್ತು ವರ್ಷ ಸಂಸಾರ ಮಾಡಿದ್ದು ಮನೆಯೊಳಗಲ್ಲ, ಕಾರಿನ ಕೆಳಗೆ. ಅಪ್ಪನಿಂದ ಬಂದ ಐವತ್ತೆರಡನೇ ಇಸವಿಯ ಅಮೆರಿಕದ ಕಾರು; ಅದಕ್ಕೆ ರಷ್ಯಾದ ಲಾರಿಯ ಎಂಜಿನ್ನು, ಹೆಂಡತಿಯ ಬಟ್ಟೆ ಒಗೆಯುವ ಯಂತ್ರದಿಂದ ಕಿತ್ತ ಪೈಪು. ಬೇರೆಯವರ ಕೈ ಅದಕ್ಕೆ ಸೋಕಬಾರದು. ಬುದ್ಧಿ ಹೇಳುವುದರಲ್ಲಿ ಮಾತ್ರ ಧಾರಾಳಿ. ಮಾವಿನ ಮರದ ನೆರಳಿಗೆ ಯಾರೇ ಬರಲಿ, ಶುರು ಮಾಡುತ್ತಿದ್ದ: "ಬರೀ ಜಾಕ್ ನಂಬ್ಕೊಂಡು ಕೆಳಗೆ ಮಲಗ್ಬೇಡ, ದಿಮ್ಮಿ ಕೊಡು. ಬಿಚ್ಚಿದ ಬೋಲ್ಟುಗಳನ್ನ ಬಿಚ್ಚಿದ ಸಾಲಲ್ಲೇ ಇಡು. ಚೆನ್ನಾಗಿ ನಡೀತಿರೋದನ್ನ ಮಾತ್ರ ಮುಟ್ಟಕ್ಕೆ ಹೋಗ್ಬೇಡ!"

ಬ್ರೇಕಿನ ಎಣ್ಣೆ ಆ ಊರಲ್ಲಿ ಕಣ್ಣಿಗೆ ಕಾಣುವ ವಸ್ತುವಲ್ಲ. ಶಾಂಪೂ ಕಲಸಿದ ನೀರನ್ನೇ ಎಲ್ಲರೂ ತುಂಬುತ್ತಿದ್ದರು. ತುಂಬಿದ ಮೇಲೆ ಒಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಅವನು ಚಕ್ರದ ಬಳಿ, ಹೆಂಡತಿ ಸೊರೈದಾ ಬ್ರೇಕಿನ ಪೆಡಲಿಗೆ ಕಾಲಿಟ್ಟು ಸೀಟಿನ ಮೇಲೆ. "ಒತ್ತು!" "ಒತ್ತಿದೀನಿ." "ಬಿಡು!" "ಬಿಟ್ಟೆ." ಗಂಡ ಹೆಂಡತಿಯ ನಡುವೆ ಉಳಿದಿದ್ದ ಮಾತು ಹೆಚ್ಚುಕಡಿಮೆ ಇಷ್ಟೇ.

ಒಂದು ಶುಕ್ರವಾರ ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು. ಮನ್ಸನಿಯೋದಲ್ಲಿ ಸೊರೈದಾಳ ಅಕ್ಕ ದಿಗ್ನಾ ಹಾಸಿಗೆ ಹಿಡಿದಿದ್ದಳು, ತಂಗಿಯನ್ನು ಕೇಳುತ್ತಿದ್ದಳು. ಸೊರೈದಾ ಆಗಲೇ ಚೀಲ ಎತ್ತಿಕೊಂಡಳು.

"ಮನೇಲಿ ಕಾರಿಟ್ಕೊಂಡು ಲಾರಿ ಹಿಂದೆ ನಿಂತ್ಕೊಂಡು ಹೋಗ್ತೀಯಾ? ನಿನ್ನ ಮಂಡಿ ಬೇರೆ ನೆಟ್ಟಗಿಲ್ಲ. ನಾಳೆ ಬೆಳಿಗ್ಗೆ ರಾಣಿ ಥರ ಕರ್ಕೊಂಡು ಹೋಗ್ತೀನಿ ಕಣೇ ಮುದುಕಿ," ಎಂದ ಎವೆಲಿಯೊ.

ಅವಳು ನಂಬಿದಳು. ಹಾಳಾದ್ದು, ಅಷ್ಟು ವರ್ಷ ನೋಡಿಯೂ ನಂಬಿದಳು.

ಶನಿವಾರ ಬೆಳಿಗ್ಗೆ ನೀಲಿ ಉಡುಪು ತೊಟ್ಟು, ಅಕ್ಕನಿಗೆಂದು ಪೇರಲೆಯ ಮಿಠಾಯಿ ಕಟ್ಟಿಕೊಂಡು ಹೊರಗೆ ಬಂದರೆ, ಕಾರು ದಿಮ್ಮಿಯ ಮೇಲಿತ್ತು! ಸ್ಪೇನಿನಿಂದ ಸೋದರಳಿಯ ಕಳಿಸಿದ್ದ ನಿಜವಾದ ಬ್ರೇಕಿನ ಎಣ್ಣೆಯ ಬಾಟಲಿಯನ್ನು ಎವೆಲಿಯೊ ಆರು ವರ್ಷ ಮುಚ್ಚಿಟ್ಟಿದ್ದು ಈಗ ಹೊರತೆಗೆದಿದ್ದ. ಹೆಂಡತಿಯ ಕಡೆಯವರ ಊರಿಗೆ ಸೋಪುನೀರಿನ ಬ್ರೇಕಿನಲ್ಲಿ ಹೋಗುವುದು ಅವನ ಮರ್ಯಾದೆಗೆ ಒಗ್ಗಲಿಲ್ಲ.

"ಬ್ರೇಕು ಚೆನ್ನಾಗೇ ಹಿಡೀತಿತ್ತಲ್ಲೋ!"

"ಹತ್ತೇ ನಿಮಿಷ ಕಣೇ. ಕೂತ್ಕೊಂಡು ಒತ್ತು."

ಅವಳು ಅದೇ ಉಡುಪಿನಲ್ಲಿ ಕೂತು ಒತ್ತಿದಳು. ಸೋಪುನೀರು ವರ್ಷಗಟ್ಟಲೆ ಒಳಗಿದ್ದು ಕಬ್ಬಿಣವನ್ನು ತಿಂದುಹಾಕಿತ್ತು. ಹಿಂದಿನ ಚಕ್ರದ ಬ್ರೇಕಿನಿಂದ ಗಾಳಿ ಬಿಡುವ ತಿರುಪು ತಿರುಗಲಿಲ್ಲ. ಎವೆಲಿಯೊ ಪಾನಾಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ ಜಗ್ಗಿದ. ತಿರುಪು ಟಕ್ಕೆಂದು ಮುರಿದು ಅವನ ಅಂಗೈಗೆ ಬಂತು.

"ಒಂದ್ಗಂಟೆ ಕೊಡು," ಎಂದ. ಒಂದು ಮೂರಾಯಿತು. ಕೊನೆಗೆ ಸೊರೈದಾ ಇಳಿದಳು. ಕುದುರೆಗಾಡಿ ಹತ್ತಿ ಜನರನ್ನು ಸಾಗಿಸುವ ಲಾರಿಗಳು ಹೊರಡುವ ಕಡೆ ಹೋದಳು. ಶನಿವಾರ ಮಧ್ಯಾಹ್ನದ ಮೇಲೆ ಲಾರಿಗಳಿಲ್ಲ; ಆ ಹೊತ್ತಿಗೆ ಕೊನೆಯದು ಹೋಗಿಬಿಟ್ಟಿತ್ತು. ರಾತ್ರಿಯಿಡೀ ಅಲ್ಲೇ ಬೆಂಚಿನ ಮೇಲೆ ಕೂತಳು.

ಭಾನುವಾರ ಅವಳು ಮನ್ಸನಿಯೋ ತಲುಪಿದಾಗ ಜನ ಸ್ಮಶಾನದಿಂದ ವಾಪಸು ಬರುತ್ತಿದ್ದರು. ದಿಗ್ನಾ ಪ್ರಾಣ ಬಿಟ್ಟದ್ದು ಶನಿವಾರ ಸಂಜೆ. ಅಲ್ಲಿಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ.

ಒಂಬತ್ತು ದಿನ ಕಳೆದು ಸೊರೈದಾ ಮನೆಗೆ ಬಂದಳು. ಎವೆಲಿಯೊ ತಿರುಪನ್ನು ತಾನೇ ಅರದಿಂದ ಉಜ್ಜಿ ಮಾಡಿ ಕೂರಿಸಿದ್ದ. ಎಣ್ಣೆಯನ್ನೂ ತುಂಬಿದ್ದ. ಗಾಳಿ ತೆಗೆಯುವುದೊಂದು ಬಾಕಿ.

"ಬಂದ್ಯಾ? ಸ್ವಲ್ಪ ಒತ್ತು ಬಾ. ಆಮೇಲೆ ಎಲ್ಲಿಗ್ ಬೇಕಾದ್ರೂ ಹೋಗ್ಬೋದು."

ಅವಳು ಚೀಲ ಕೆಳಗಿಟ್ಟು ಅವನನ್ನೇ ನೋಡಿದಳು.

"ಎಲ್ಲಿಗೋ? ಇದ್ದವಳು ಒಬ್ಬಳು ಅಕ್ಕ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಈಗ ಎವೆಲಿಯೊ ಪೊರಕೆಯ ಕೋಲನ್ನು ಸೀಟಿಗೂ ಪೆಡಲಿಗೂ ನಡುವೆ ಸಿಕ್ಕಿಸಿ, ಎದ್ದು ಹಿಂದಿನ ಚಕ್ರಕ್ಕೆ ಹೋಗಿ ತಿರುಪು ಬಿಡಿಸಿ, ಬಿಗಿಮಾಡಿ, ಮತ್ತೆ ಮುಂದೆ ಬಂದು ಕೋಲು ತೆಗೆಯುತ್ತಾನೆ. ಅಭ್ಯಾಸಬಲ, "ಒತ್ತು" ಎಂದು ಈಗಲೂ ಕೂಗುತ್ತಾನೆ. ಒಳಗಿನಿಂದ ಯಾರೂ ಓಗೊಡುವುದಿಲ್ಲ.