ನಾಲ್ಕು ಜನರ ಬ್ಯಾಂಡು

ಕಳೆದ ತಿಂಗಳು ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ಆಟೋಗೆ ಕಾಯುತ್ತಾ ನಿಂತಿದ್ದೆ. ಯಾರದೋ ಮದುವೆಯ ಮೆರವಣಿಗೆ ಹೊರಡುವುದರಲ್ಲಿತ್ತು. ತಮಟೆಯವರು ರಸ್ತೆ ಬದಿಯಲ್ಲಿ ಹಳೇ ಪೇಪರಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಬಿಸಿಯಾದ ಚರ್ಮದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಪಕ್ಕದ ಗೋಡೆ ಹಿಡಿದುಕೊಂಡಿತು. ಆಟೋ ಬಂತು, ಹೋಯಿತು. ನಾನು ಹತ್ತಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಊರಿಗಾಂನ ಚಿನ್ನದ ಗಣಿಯವರ ಲೈನ್ ಮನೆಗೆ ಬಂದವಳು ನಾನು. ತವರು ಬಂಗಾರಪೇಟೆ ಕಡೆಯ ಹಳ್ಳಿ; ರಾಗಿ ಹೊಲ, ಎರಡು ಎಮ್ಮೆ ಬಿಟ್ಟರೆ ಬೇರೆ ಪ್ರಪಂಚ ಕಂಡಿರಲಿಲ್ಲ. ನಮ್ಮೆಜಮಾನರು ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡುತ್ತಿದ್ದರು. ಸಾಲಾಗಿ ಕಟ್ಟಿದ್ದ ಆ ಮನೆಗಳ ನಡುವೆ ಗೋಡೆ ಅಂತ ಇದ್ದದ್ದು ಮಣ್ಣು ಮೆತ್ತಿದ ಬಿದಿರಿನ ತಟ್ಟಿ. ಆ ಕಡೆಯವರು ಒಗ್ಗರಣೆ ಹಾಕಿದರೆ ಈ ಕಡೆ ನಾವು ಸೀನಬೇಕು. ತಟ್ಟಿಯ ಆ ಕಡೆ ಇದ್ದವರನ್ನು ನಾನು ಅಣ್ಣ ಅನ್ನುತ್ತಿದ್ದೆ. ಚರ್ಮ ಕಾಯಿಸುವ ವಾಸನೆ ಅವರ ಮನೆಯಿಂದಲೇ ನನ್ನ ಒಲೆಯ ಮುಂದಕ್ಕೆ ಬರುತ್ತಿತ್ತು. ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ತೆಲುಗು. ನನ್ನನ್ನು ತಂಗಿ ಅನ್ನುವ ಹಾಗೆ ತಂಗಚ್ಚಿ ಅನ್ನುತ್ತಿದ್ದರು.

ಹೊಸ ಸೊಸೆಗೆ ಆ ಲೈನಿನಲ್ಲಿ ಮೊದಲು ಕಲಿಸುತ್ತಿದ್ದದ್ದು ಅಡುಗೆಯಲ್ಲ. ಏರ್ ಬ್ಲಾಸ್ಟ್ ಆದಾಗ ಏನು ಮಾಡಬೇಕು ಅನ್ನುವುದು. ಗಣಿಯ ಆಳದಲ್ಲಿ ಭಾರ ತಾಳದೆ ಬಂಡೆ ಸಿಡಿಯುತ್ತಿತ್ತು. ಮೇಲೆ ನಮಗೆ ಧುಮ್ ಅಂತ ಒಂದು ಸದ್ದು, ಕಾಲಡಿಯ ನೆಲ ಅದುರಿ ಗೂಡಿನ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಅದಾದ ತಕ್ಷಣ ಒಲೆಯ ಮೇಲಿನ ಅನ್ನ ಸೀದರೂ ಸರಿ, ಹೆಂಗಸರೆಲ್ಲ ಗಣಿ ಬಾಯಿಗೆ ಓಡಬೇಕು. ಮೇಲಕ್ಕೆ ತಂದವರ ಹೆಸರು ಕೂಗಿದಾಗ ‘ನಮ್ಮೋರು’ ಅನ್ನುವುದಕ್ಕೆ ಮನೆಯ ಒಬ್ಬರಾದರೂ ಅಲ್ಲಿ ಇರಬೇಕು. ಇದು ಯಾರೂ ಬರೆದಿಡದ ಕಟ್ಟಳೆ.

ನಾನು ಬರುವ ಮೊದಲು ಆ ಲೈನಿಗೆ ಒಂದು ಬ್ಯಾಂಡು ಇತ್ತಂತೆ. ನಾಲ್ಕೇ ಜನ, ನಾಲ್ವರೂ ಗಣಿ ಕೆಲಸದವರು. ಅಣ್ಣನದು ಕ್ಲಾರಿಯೋನೆಟ್; ಉಳಿದವರದು ದೊಡ್ಡ ಡ್ರಮ್, ಸಣ್ಣ ಡ್ರಮ್, ಕಂಚಿನ ತಾಳ. ಲೈನಿನಲ್ಲಿ ಯಾರು ತೀರಿಕೊಂಡರೂ ಇವರೇ ಮುಂದೆ ಬಾರಿಸಿಕೊಂಡು ಹೋಗಿ ಮಣ್ಣಿಗೆ ಕಳಿಸಿಕೊಡುತ್ತಿದ್ದರು. ತಮ್ಮೊಳಗೇ ಒಂದು ಮಾತು ಮಾಡಿಕೊಂಡಿದ್ದರು... ನಾಲ್ವರಲ್ಲಿ ಯಾರು ಮೊದಲು ಹೋದರೂ ಉಳಿದ ಮೂವರು ಬಾರಿಸಬೇಕು ಅಂತ. ಒಂದು ದಿನ ಅಣ್ಣ ಹುಳುಕು ಹಲ್ಲು ಕೀಳಿಸಲು ರಜಾ ಹಾಕಿದರು. ಅವತ್ತೇ ಬ್ಲಾಸ್ಟ್ ಆಗಿ ಮೂವರೂ ಕೆಳಗೇ ಉಳಿದರು. ಹೆಣಗಳು ಮೇಲೆ ಬರಲಿಲ್ಲ. ಆ ಕಡೆಯ ದಾರಿಯನ್ನೇ ಮುಚ್ಚಿಬಿಟ್ಟರು. ಮಣ್ಣಿಗೆ ಹಾಕಲು ಏನೂ ಇಲ್ಲ, ಬಾರಿಸಲು ಇರುವುದು ಒಬ್ಬನೇ. ಬೇರೆ ಊರಿನ ಬ್ಯಾಂಡಿನವರನ್ನು ಕರೆಸಿ ಅಂದರೆ ಅಣ್ಣ ಒಪ್ಪಲಿಲ್ಲ. ನಾಲ್ಕನ್ನೂ ತಾನೇ ಕಲಿತು, ತಾನೇ ಒಟ್ಟಿಗೆ ಬಾರಿಸಿ ಕಳಿಸಿಕೊಡುತ್ತೇನೆ ಅಂತ ಹಟ ಹಿಡಿದರು. ಈ ಹುಚ್ಚು ನೋಡಲಾರದೆ ಹೆಂಡತಿ ಗುಡಿಯಾತ್ತಂನ ತವರಿಗೆ ಹೋದವರು ತಿರುಗಿ ಬರಲಿಲ್ಲ.

ಅವರು ಅಭ್ಯಾಸಕ್ಕೆ ಕೂರುತ್ತಿದ್ದ ರೀತಿ ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿದ ಹಾಗಿದೆ. ಗಣಿಯ ದೀಪದ ಹಳೇ ಬೆಲ್ಟುಗಳಲ್ಲಿ ದೊಡ್ಡ ಡ್ರಮ್ಮನ್ನು ಬೆನ್ನಿಗೆ ಬಿಗಿದುಕೊಂಡು, ಅದರ ಕೋಲನ್ನು ಬಲ ಮೊಣಕೈಗೆ ಕಟ್ಟಿಕೊಳ್ಳುತ್ತಿದ್ದರು. ಸಣ್ಣ ಡ್ರಮ್ ಕಾಲ ಬುಡದಲ್ಲಿ; ಸೈಕಲ್ ಪೆಡಲಿಗೆ ಕೋಲು ಸಿಕ್ಕಿಸಿ ಎಡಗಾಲಲ್ಲಿ ತುಳಿಯುವುದು. ತಾಳಗಳು ಎರಡು ಮಂಡಿಗೆ. ಬಾಯಿಗೂ ಕೈಬೆರಳಿಗೂ ಕ್ಲಾರಿಯೋನೆಟ್. ಮೊದಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇನೆ. ಬಾಯಿ ಒಂದು ದಾರಿ, ಮಂಡಿ ಒಂದು ದಾರಿ. ಮೊಣಕೈ ಹೊಡೆದರೆ ಬೆರಳು ತಪ್ಪುವುದು, ಬೆರಳು ನೋಡಿಕೊಂಡರೆ ಕಾಲು ನಿಂತುಹೋಗುವುದು. ಒಂದೊಂದು ಅಂಗವನ್ನೂ ಬೇರೆ ಬೇರೆಯಾಗಿ ತಿಂಗಳುಗಟ್ಟಲೆ ತಿದ್ದಿದರು.

ಒಂದೆರಡು ವರ್ಷ ಕಳೆಯುವ ಹೊತ್ತಿಗೆ ನನ್ನ ನಗು ನಿಂತಿತ್ತು. ಅಣ್ಣ ಕಲಿಯುತ್ತಿದ್ದದ್ದು ಬರೀ ತಾಳವಲ್ಲ. ತಾಳದವನಿಗೆ ಅವಸರ ಜಾಸ್ತಿಯಂತೆ, ಯಾವಾಗಲೂ ಒಂದು ಗುಟುಕು ನುಂಗುವಷ್ಟು ಹೊತ್ತು ಮೊದಲೇ ಹೊಡೆಯುತ್ತಿದ್ದನಂತೆ. ದೊಡ್ಡ ಡ್ರಮ್ಮಿನವನು ಸೋಮಾರಿ, ಎಲ್ಲರೂ ಮುಗಿಸಿದ ಮೇಲೆ ಅವನದು. ಸರಿಯಾಗಿ ಬಾರಿಸುತ್ತಿದ್ದವನು ಸಣ್ಣ ಡ್ರಮ್ಮಿನವನೊಬ್ಬನೇ. ಆ ತಪ್ಪುಗಳನ್ನೇ ಅಣ್ಣ ತಮ್ಮ ಮೈಗೆ ಕಲಿಸುತ್ತಿದ್ದರು. “ಸರಿಯಾಗಿ ಬಾರಿಸಿದ್ರೆ ಅದು ನಂದಾಗ್ತದೆ ತಂಗಚ್ಚಿ, ಅವ್ರದಾಗಲ್ಲ” ಅಂದಿದ್ದರು. ಆಮೇಲಾಮೇಲೆ ನಲ್ಲಿಗೆ ನೀರು ಹಿಡಿಯಲು ಹೋಗುವಾಗಲೂ ಬಲ ಮೊಣಕೈ ತಾನಾಗಿ ಹಿಂದಕ್ಕೆ ಜಗ್ಗುತ್ತಿತ್ತು. ಊಟಕ್ಕೆ ಕೂತರೆ ಮಂಡಿಗಳು ಒಂದಕ್ಕೊಂದು ಬಡಿಯುತ್ತಿದ್ದವು. “ಏಯ್, ಇರೋ, ಒಂದು ತುತ್ತು ತಿಂತೀನಿ” ಅಂತ ಮಂಡಿಗೆ ಗದರುತ್ತಿದ್ದರು.

ಕೊನೇ ಮನೆಯ ಅಜ್ಜಿ ತಾಳದವನ ತಾಯಿ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೇಳಿದವಳು ನನ್ನ ಕೈ ಹಿಡಿದು, “ನನ್ ಮಗ್ನೇ ಕಣಮ್ಮ. ಇನ್ನೂ ಬುದ್ಧಿ ಬಂದಿಲ್ಲ ನೋಡು, ಅದೇ ಅವಸ್ರ” ಅಂದಳು. ಮಾರನೇ ದಿನದಿಂದ ಒಂದು ಲೋಟ ಕಾಫಿ ತರತೊಡಗಿದಳು. ಅದನ್ನು ಅಣ್ಣನ ಕೈಗೆ ಕೊಡುತ್ತಿರಲಿಲ್ಲ. ಬಗ್ಗಿ, ಮಂಡಿಯ ಹತ್ತಿರ ಇಟ್ಟು ಹೋಗುತ್ತಿದ್ದಳು. ಅಣ್ಣ ಅದನ್ನು ಯಾವತ್ತೂ ಕುಡಿದದ್ದು ನಾನು ಕಾಣೆ. ಸಂಜೆಗೆ ಲೋಟ ಖಾಲಿಯಾಗಿರುತ್ತಿತ್ತು... ಬೆಕ್ಕು ಕುಡಿಯುತ್ತಿತ್ತೋ ಏನೋ.

ದೊಡ್ಡ ಡ್ರಮ್ಮಿಗೆ ಹೊಸ ಚರ್ಮ ಹಾಕಿಸಿದ ದಿನ ಒಂದು ಎಡವಟ್ಟಾಯಿತು. ಅಣ್ಣ ಧುಮ್ ಅಂತ ಒಂದು ಏಟು ಹೊಡೆದರು. ತಟ್ಟಿಗಳು ಅದುರಿ ಎಲ್ಲರ ಮನೆಯ ಪಾತ್ರೆಗಳೂ ಗಲಗಲ ಅಂದವು. ಇಡೀ ಸಾಲಿನ ಹೆಂಗಸರು ಗಣಿ ಬಾಯಿಗೆ ಓಡಿದೆವು. ಅಲ್ಲಿ ಕಾವಲಿನವನು ಏನೂ ಇಲ್ಲ ಅಂದ. ತಿರುಗಿ ಬಂದವರು ಅಣ್ಣನ ಬಾಗಿಲಿಗೆ ಮುತ್ತಿಗೆ ಹಾಕಿ ಬೈದರು. ಕೊನೆಗೆ ಒಂದು ಒಪ್ಪಂದವಾಯಿತು: ಬಾರಿಸುವ ದಿನ ಅಣ್ಣ ಬಾಗಿಲಿಗೆ ಕೆಂಪು ಟವೆಲ್ ಕಟ್ಟಬೇಕು. ಟವೆಲ್ ಇದ್ದರೆ ಸದ್ದು ಡ್ರಮ್ಮಿನದು, ಯಾರೂ ಓಡಬೇಕಾಗಿಲ್ಲ. ಆ ಉಪಾಯ ಹೇಳಿಕೊಟ್ಟವಳು ನಾನೇ. ಜಾಣೆ ಅಂತ ಎಲ್ಲರೂ ಹೊಗಳಿದರು.

ಅದಾಗಿ ವರ್ಷವಾಗಿತ್ತು. ಆ ಮೂವರು ಹೋದ ದಿನ ಹತ್ತಿರ ಬರುತ್ತಿತ್ತು. ಅವತ್ತು ಗಣಿ ಬಾಯಲ್ಲಿ ಕೂತು ಬಾರಿಸಬೇಕು ಅಂತ ಅಣ್ಣ ನಿರ್ಧರಿಸಿದ್ದರು. ಸಾವಿಗೆ ಬಾರಿಸುವ ಪದದ ಕೊನೇ ಸುತ್ತು ಮಾತ್ರ ಇನ್ನೂ ಕೂಡುತ್ತಿರಲಿಲ್ಲ. ಅದಕ್ಕಿನ್ನೂ ಕೆಲವು ದಿನ ಇರುವಾಗ, ಒಂದು ಬೆಳಿಗ್ಗೆ ಹನ್ನೊಂದರ ಹೊತ್ತು, ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಧುಮ್ ಅಂದಿತು. ಗೂಡಿನಿಂದ ಒಂದು ತಟ್ಟೆ ಉರುಳಿ ಬಿತ್ತು. ಬಗ್ಗಿ ಹೊರಗೆ ನೋಡಿದೆ. ಕೆಂಪು ಟವೆಲ್ ಗಾಳಿಗೆ ಆಡುತ್ತಿತ್ತು. ಅಣ್ಣನಿಗೆ ಇವತ್ತು ಆವೇಶ ಜಾಸ್ತಿ ಅಂದುಕೊಂಡು ತಟ್ಟೆ ಎತ್ತಿಟ್ಟು ಮತ್ತೆ ಅಕ್ಕಿ ಆರಿಸಿದೆ. ನಮ್ಮ ಸಾಲಿನ ಒಬ್ಬಳೂ ಹೊರಗೆ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಕೆಳಗಿನ ಲೈನಿನ ಕಡೆಯಿಂದ ಅಳುವ ಸದ್ದು ಕೇಳಿತು. ಎದ್ದು ಅಣ್ಣನ ಬಾಗಿಲಿಗೆ ಓಡಿದೆ. ಸ್ಟೂಲಿನ ಮೇಲೆ ಕೂತಿದ್ದರು. ಡ್ರಮ್ ಬೆನ್ನ ಮೇಲಿತ್ತು, ಕೋಲು ಇನ್ನೂ ನೆಲದ ಮೇಲಿತ್ತು. ಬಾಗಿಲಿಗೆ ಕಟ್ಟಿದ್ದ ಟವೆಲನ್ನೇ ನೋಡುತ್ತಿದ್ದರು.

“ನಾನಿನ್ನೂ ಸುರು ಮಾಡಿಲ್ಲ ತಂಗಚ್ಚಿ...” ಅಂದರು.

ಗಣಿ ಬಾಯಲ್ಲಿ ನಮ್ಮೆಜಮಾನರ ಹೆಸರನ್ನು ಮೂರು ಸಲ ಕೂಗಿದ್ದರಂತೆ. ನಮ್ಮೋರು ಅನ್ನಲು ಯಾರೂ ಇರಲಿಲ್ಲ. ಆಸ್ಪತ್ರೆಯಲ್ಲಿ ಎಡಗೈಗೆ ಕಟ್ಟು ಹಾಕಿ ಮಲಗಿಸಿದ್ದರು. ಎರಡು ಬೆರಳು ಹೋಗಿದ್ದವು. ನನ್ನನ್ನು ನೋಡಿ, “ಎಲ್ಲೋಗಿದ್ದೆ?” ಅಂತಷ್ಟೇ ಕೇಳಿದರು. ಅದಕ್ಕಿಂತ ಎರಡು ಏಟು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ.

ಉಪಾಯ ನನ್ನದೇ ಆಗಿತ್ತು. ಆದರೆ ಸಿಟ್ಟೆಲ್ಲ ಹೋಗಿ ಅಣ್ಣನ ಮೇಲೆ ಬಿತ್ತು. ಆಸ್ಪತ್ರೆಯಿಂದ ಬಂದವಳೇ ಟವೆಲ್ ಕಿತ್ತು ಅವರ ಮುಖದ ಮೇಲೆ ಎಸೆದು, “ಸತ್ತೋರ್ಗೆ ಬಾರ್ಸೋಕೋಗಿ ಬದ್ಕಿರೋರ್ನ ಸಾಯಿಸ್ತೀಯಾ? ಇನ್ನೊಂದ್ ದಪ ಆ ಸದ್ದು ಕೇಳಿದ್ರೆ ನಾನೇ ಆ ಚರ್ಮ ಅರಿದಾಕ್ತೀನಿ” ಅಂತ ಕೂಗಿದೆ. ಅಣ್ಣ ಇನ್ನೂ ಬೆನ್ನಿಗೇ ಇದ್ದ ಡ್ರಮ್ಮಿನ ಬೆಲ್ಟು ಬಿಚ್ಚಿದರು. ಎರಡು ಡ್ರಮ್ಮನ್ನೂ ತಾಳವನ್ನೂ ಗೋಡೆಯ ಮೊಳೆಗಳಿಗೆ ನೇತುಹಾಕಿದರು. ಆ ಮೂವರ ದಿನ ಬಂತು, ಹೋಯಿತು. ಮತ್ತೆ ಅವರು ಯಾವತ್ತೂ ಬಾರಿಸಲಿಲ್ಲ. ನಾನೂ ಬಾರಿಸಿ ಅನ್ನಲಿಲ್ಲ. ಅಜ್ಜಿ ಮಾತ್ರ ತಾನು ಸಾಯುವ ತನಕ ಕಾಫಿ ತಂದು, ಯಾರ ಮಂಡಿಯೂ ಇಲ್ಲದ ಸ್ಟೂಲಿನ ಬುಡದಲ್ಲಿ ಇಟ್ಟು ಹೋಗುತ್ತಿದ್ದಳು.

ಅಣ್ಣ ತೀರಿಕೊಂಡದ್ದು ತೊಂಬತ್ತರ ದಶಕದಲ್ಲಿ, ಎದೆಯ ಕಾಯಿಲೆಯಿಂದ. ಮಧ್ಯಾಹ್ನ ಮೂರರ ಬಿಸಿಲು. ಮನೆಯ ಬಾಗಿಲು ಎಳೆದು ಚಿಲಕ ಹಾಕಿ, ಅವರನ್ನು ಹೊರಗೆ ಚಟ್ಟದ ಮೇಲೆ ಮಲಗಿಸಿದ್ದೆವು. ಬ್ಯಾಂಡು ಇರಲಿಲ್ಲ. ನಾಲ್ವರು ಚಟ್ಟವನ್ನು ಹೆಗಲಿಗೆ ಎತ್ತಿದರು. ಅದೇ ಹೊತ್ತಿಗೆ ಕಾಲಡಿಯ ನೆಲ ಧುಮ್ ಅಂತ ಅದುರಿತು.

ಹೆಂಗಸರು ಗಣಿ ಬಾಯಿಗೆ ಓಡಿದರು. ನಮ್ಮೆಜಮಾನರಿಗೆ ಆಗ ಕೆಳಗಿಳಿಯದ, ಮೇಲಿನ ಕೆಲಸ. ನನ್ನ ಪಕ್ಕದಲ್ಲೇ ನಿಂತಿದ್ದರು. ಹಾಗಾಗಿ ನಾನು ಓಡಲಿಲ್ಲ, ನಿಂತು ಕೇಳಿಸಿಕೊಂಡೆ. ಚಿಲಕ ಹಾಕಿದ ಮನೆಯೊಳಗೆ ಮೊದಲು ತಾಳ ಅಂದಿತು. ಒಂದು ಗುಟುಕು ಬಿಟ್ಟು ಸಣ್ಣ ಡ್ರಮ್. ಎಲ್ಲ ಮುಗಿದ ಮೇಲೆ, ಸೋಮಾರಿಯಾಗಿ, ದೊಡ್ಡ ಡ್ರಮ್. ಮತ್ತೆ ತಾಳ. ಹೊತ್ತವರು ಐದಾರು ಹೆಜ್ಜೆ ಇಡುವಷ್ಟು ಹೊತ್ತು ಅದು ಹಾಗೇ ನಡೆಯಿತು. ಕ್ಲಾರಿಯೋನೆಟ್ ಇರಲಿಲ್ಲ.

“ಮೊಳೆಗೆ ಆಕಿರೋದಲ್ವಾ, ನೆಲ ಅದ್ರಿದ್ರೆ ಆಡ್ತವೆ” ಅಂದರು ನಮ್ಮೆಜಮಾನರು. ಅಂದರೇ ಹೊರತು, ಎಡಗೈಯಲ್ಲಿ ಉಳಿದ ಮೂರು ಬೆರಳಿನಿಂದ ನನ್ನ ತೋಳು ಬಿಗಿಯಾಗಿ ಹಿಡಿದಿದ್ದರು. ಗಣಿ ಬಾಯಿಗೆ ಹೋದವರು ಸಂಜೆಗೆ ಬಂದು, ಕೆಳಗೆ ಯಾರಿಗೂ ಏನೂ ಆಗಿಲ್ಲ ಅಂದರು.

ಈಗ ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ನೆಲ ಅದುರುವುದಿಲ್ಲ, ಕೆಳಗೆಲ್ಲ ನೀರು ತುಂಬಿದೆ ಅನ್ನುತ್ತಾರೆ. ನಮ್ಮೆಜಮಾನರೂ ಹೋದರು. ನಾನು ಬಂಗಾರಪೇಟೆಗೆ ಬಂದುಬಿಟ್ಟಿದ್ದೇನೆ. ಆ ಮಧ್ಯಾಹ್ನ ಕೇಳಿದ್ದು ನಿಜವೋ ಭ್ರಮೆಯೋ ಅಂತ ಈಗ ನಾನು ಯಾರ ಹತ್ತಿರವೂ ವಾದಿಸುವುದಿಲ್ಲ. ಆ ಮೂವರು ತಮ್ಮ ಮಾತು ಉಳಿಸಿಕೊಂಡರು ಅಂತಲೇ ನಂಬಿದ್ದೇನೆ. ಅವರಿಗೆ ಮಾತ್ರ ಇವತ್ತಿಗೂ ಯಾರೂ ಬಾರಿಸಿಲ್ಲ. ಬಾರಿಸಲು ನಾಲ್ಕನ್ನೂ ಕಲಿತಿದ್ದ ಒಬ್ಬರೇ ಒಬ್ಬರನ್ನು ತಡೆದವಳು ನಾನು.